ಹಿಡಿದದ್ದೇನು, ಬಿಟ್ಟುಕೊಟ್ಟದ್ದೇನು?

ನ್ಯೂಜಿಲೆಂಡಿನಲ್ಲಿ ನೆಲೆಸಿರುವ ಕನ್ನಡ ಮನೆಗಳಿಂದ ಬಂದ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದು ನಲ್ಲಿ ನೀರಿನದು, ಒಂದು ಬಾವಿಯದು, ಒಂದು ಮಗುವಿನ ನ್ಯಾಪಿಯದು, ಒಂದು ತಾಯಿಯ ಔಷಧದ್ದು, ಕೊನೆಯದು ಓದುತ್ತಿರುವ ಹುಡುಗಿಯದು. ಮೇಲ್ನೋಟಕ್ಕೆ ಒಂದಕ್ಕೊಂದು ನಂಟಿಲ್ಲ. ಆದರೆ ಐದರಲ್ಲೂ ಕೆಲಸ ಮಾಡುತ್ತಿರುವುದು ಒಂದೇ ಜಾತಿಯ ವಸ್ತು: ಮೈತುಂಬ ವಿದ್ಯುದಂಶ ಹೊತ್ತ ಪಾಲಿಮರ್ (ಸಣ್ಣ ಕೊಂಡಿಗಳು ಸಾವಿರಗಟ್ಟಲೆ ಸಾಲಾಗಿ ಕೂಡಿ ಆದ ಉದ್ದನೆಯ ಅಣು). ಅದು ನೀರಿನೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಿಳಿದರೆ ಐದು ಆತಂಕಗಳೂ ಒಂದಿಷ್ಟು ಹಗುರಾಗುತ್ತವೆ.

ಪ್ರಶ್ನೆ: ನಮ್ಮ ಊರಿನ ನೀರು ಗಡಸು. ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಎಂದು ವಾಟರ್ ಸಾಫ್ಟನರ್ ಹಾಕಿಸಿದೆವು. ಅದಕ್ಕೆ ಚೀಲಗಟ್ಟಲೆ ಉಪ್ಪು ಸುರಿಯಬೇಕು. ಮೈಸೂರಿನಿಂದ ಬಂದಿರುವ ನಮ್ಮ ಮಾವನವರಿಗೆ ಬಿ.ಪಿ. ಇದೆ. ಉಪ್ಪು ಸುರಿಯುವುದನ್ನು ಕಂಡ ದಿನದಿಂದ ಅವರು ಆ ನೀರನ್ನು ಬಾಯಿಗೆ ಹಾಕುತ್ತಿಲ್ಲ. ನಾವು ತಪ್ಪು ಮಾಡಿದೆವೇ?
— ಗೃಹಿಣಿಯೊಬ್ಬರು, ವಾಂಗನುಯಿ

ಉತ್ತರ: ನೀವು ತಪ್ಪು ಮಾಡಿಲ್ಲ. ನಿಮ್ಮ ಮಾವನವರ ಅನುಮಾನವೂ ತಪ್ಪಲ್ಲ. ಸುರಿದ ಉಪ್ಪೆಲ್ಲ ಕುಡಿಯುವ ನೀರಿಗೇ ಬರುತ್ತದೆ ಎಂಬುದು ಅವರ ಹೆದರಿಕೆ. ಅಷ್ಟೆಲ್ಲ ಬರುವುದಿಲ್ಲ. ಆದರೆ ಸ್ವಲ್ಪ ಸೋಡಿಯಂ ಬರುವುದು ನಿಜ. ಎಷ್ಟು ಎಂದು ಲೆಕ್ಕ ಹಾಕಿಯೇ ನೋಡೋಣ.

ಸಾಫ್ಟನರಿನ ಸಿಲಿಂಡರಿನೊಳಗೆ ಇರುವುದು ರೆಸಿನ್ ಮಣಿಗಳು. ಅರ್ಧ ಮಿಲಿಮೀಟರಿನ ಆಸುಪಾಸಿನ, ಜೇನುಬಣ್ಣದ, ಬೆರಳಿಗೆ ಜಾರುವ ಗುಂಡು ಕಾಳುಗಳು. ಗಟ್ಟಿಯಾಗಿ ಕಂಡರೂ ಒದ್ದೆ ಮಣಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಉಳಿದದ್ದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಬಲೆ. ಆ ಬಲೆಯ ಎಳೆ ಎಳೆಗೂ ಸಲ್ಫೋನೇಟ್ ಎಂಬ ಋಣ ವಿದ್ಯುದಂಶದ ಗುಂಪುಗಳನ್ನು ಕೂಡಿಸಿರುತ್ತಾರೆ. ಈ ಗುಂಪುಗಳಿಂದಾಗಿಯೇ ಪ್ಲಾಸ್ಟಿಕ್ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಇದನ್ನು ನಮ್ಮ ಸಾರಿಗೆ ಬಸ್ಸಿನಂತೆ ಭಾವಿಸಿ. ಸೀಟುಗಳು ನೆಲಕ್ಕೆ ಬೋಲ್ಟ್ ಹಾಕಿ ಕೂಡಿಸಿದವು, ಕದಲುವುದಿಲ್ಲ. ಬದಲಾಗುವವರು ಪ್ರಯಾಣಿಕರು ಮಾತ್ರ. ಇಲ್ಲಿ ಋಣ ಗುಂಪುಗಳೇ ಸೀಟು, ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಪ್ರಯಾಣಿಕರು. ಈ ಬಸ್ಸಿನ ಒಂದು ನಿಯಮವೆಂದರೆ ಯಾವ ಸೀಟೂ ಖಾಲಿ ಇರುವಂತಿಲ್ಲ. ಹೊಸಬರು ಕೂರಬೇಕಾದರೆ ಇದ್ದವರು ಇಳಿಯಲೇಬೇಕು. ಗಡಸು ನೀರಿನ ಕ್ಯಾಲ್ಸಿಯಂ ಎರಡು ಧನ ವಿದ್ಯುದಂಶ ಹೊತ್ತದ್ದು. ಅದು ಎರಡು ಸೀಟು ಹಿಡಿಯುತ್ತದೆ, ಎರಡು ಸೋಡಿಯಂ ಕೆಳಗಿಳಿಯುತ್ತವೆ.

ಹಾಗಾದರೆ ಚೀಲದ ಉಪ್ಪು ಯಾವುದಕ್ಕೆ? ಸೀಟೆಲ್ಲ ಕ್ಯಾಲ್ಸಿಯಂನಿಂದ ತುಂಬಿದ ಮೇಲೆ ಅದನ್ನು ಹೊರಗಟ್ಟಲು. ಗಟ್ಟಿ ಉಪ್ಪು ನೀರು ಹರಿಸಿದಾಗ ಸೋಡಿಯಂ ದಂಡಿಯಾಗಿ ಬಂದು ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ. ಆ ಉಪ್ಪು ನೀರು ಚರಂಡಿಗೆ ಹೋಗುತ್ತದೆ, ನಿಮ್ಮ ಲೋಟಕ್ಕಲ್ಲ.

ಈಗ ಲೆಕ್ಕ. ನೀರಿನ ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇದ್ದರೆ, ಅದನ್ನು ಪೂರ್ತಿ ತೆಗೆದಾಗ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಗಡಸುತನ 150 ಎಂದಿಟ್ಟುಕೊಳ್ಳಿ. ಲೀಟರಿಗೆ 69 ಮಿಲಿಗ್ರಾಂ, ದಿನಕ್ಕೆ ಎರಡು ಲೀಟರ್ ಕುಡಿದರೆ 138 ಮಿಲಿಗ್ರಾಂ. ವಯಸ್ಕರು ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ (ಸುಮಾರು 5 ಗ್ರಾಂ ಉಪ್ಪು) ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮುಂದೆ ಇದು ಸಣ್ಣ ಪಾಲು. ಊಟದ ಜೊತೆಗಿನ ಉಪ್ಪಿನಕಾಯಿ, ಹಪ್ಪಳವನ್ನು ಕಡಿಮೆ ಮಾಡಿದರೆ ಮಾವನವರಿಗೆ ಇದಕ್ಕಿಂತ ಹೆಚ್ಚಿನ ಲಾಭ.

ಆದರೂ ಅವರ ಮನಸ್ಸಿಗೆ ನೆಮ್ಮದಿ ಬೇಕಲ್ಲ. ಪ್ಲಂಬರ್‌ಗೆ ಹೇಳಿ ಅಡುಗೆಮನೆಯ ಒಂದು ನಲ್ಲಿಯನ್ನು ಸಾಫ್ಟನರಿಗೆ ಸೇರದಂತೆ ನೇರ ಲೈನಿಗೆ ಹಾಕಿಸಿ. ಕುಡಿಯಲು, ಅಡುಗೆಗೆ ಅದು. ಸ್ನಾನಕ್ಕೆ, ಬಟ್ಟೆಗೆ ಮೆದು ನೀರು. ಗಡಸು ನೀರಿನ ಕ್ಯಾಲ್ಸಿಯಂನಿಂದ ಕೆಟಲಿಗೆ ತೊಂದರೆ, ಮನುಷ್ಯರಿಗಲ್ಲ. ಉಪ್ಪನ್ನು ತೀರಾ ಕಟ್ಟುನಿಟ್ಟಾಗಿ ಬಿಡಬೇಕೆಂದು ವೈದ್ಯರು ಹೇಳಿರುವವರಿಗೆ, ಬಾಟಲಿ ಹಾಲಿನ ಹಸುಗೂಸಿಗೆ ಈ ನೇರ ನಲ್ಲಿಯ ನೀರೇ ಸರಿ.

ಪ್ರಶ್ನೆ: ನಾವಿರುವುದು ಕ್ಯಾಂಟರ್‌ಬರಿಯ ಸೆಲ್ವಿನ್ ಕಡೆ, ಸುತ್ತ ಡೈರಿ ಫಾರ್ಮ್‌ಗಳು. ನೀರು ನಮ್ಮದೇ ಕೊಳವೆಬಾವಿಯದು. ಪರೀಕ್ಷೆ ಮಾಡಿಸಿದರೆ ನೈಟ್ರೇಟ್-ನೈಟ್ರೋಜನ್ 12.4 ಎಂದು ಬಂತು. ಮಿತಿ 50 ಎಂದು ಓದಿ ನಿಶ್ಚಿಂತೆಯಿಂದಿದ್ದೆ. ಪಕ್ಕದವರು ಅಪಾಯ ಎನ್ನುತ್ತಾರೆ. ಹೆಂಡತಿಗೆ ಈಗ ಆರನೇ ತಿಂಗಳು. ನೀರು ಕುದಿಸಿ ಕುಡಿಯುತ್ತಿದ್ದೇವೆ. ಸಾಲದೇ?
— ಓದುಗರೊಬ್ಬರು, ಕ್ಯಾಂಟರ್‌ಬರಿ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಪರೀಕ್ಷೆ ಮಾಡಿಸಿದ್ದೀರಿ, ಅದೂ ಮಗು ಹುಟ್ಟುವ ಮೊದಲೇ. ಸರಿಪಡಿಸಿಕೊಳ್ಳಲು ಸಮಯವಿದೆ. ಆದರೆ ಪಕ್ಕದವರ ಮಾತಿನಲ್ಲಿ ಹುರುಳಿದೆ. ಕುದಿಸುವುದನ್ನು ಇವತ್ತೇ ನಿಲ್ಲಿಸಬೇಕು.

ಗೊಂದಲ ಆಗಿರುವುದು ಅಳತೆಯಲ್ಲಿ. ನೈಟ್ರೇಟನ್ನು ಎರಡು ಬಗೆಯಲ್ಲಿ ಬರೆಯುತ್ತಾರೆ. ಇಡೀ ನೈಟ್ರೇಟಿನ ತೂಕ ಹೇಳಿದರೆ ನ್ಯೂಜಿಲೆಂಡಿನ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದರೊಳಗಿನ ನೈಟ್ರೋಜನ್ನಿನ ತೂಕ ಮಾತ್ರ ಹೇಳಿದರೆ ಅದೇ ಮಿತಿ 11.3. ನಿಮ್ಮ ವರದಿ ಎರಡನೆಯ ಬಗೆಯದು. 12.4ನ್ನು 4.43ರಿಂದ ಗುಣಿಸಿ, ಸುಮಾರು 55 ಬರುತ್ತದೆ. ಅಂದರೆ ಮಿತಿ ದಾಟಿದೆ. ವರದಿಯಲ್ಲಿ ‘ನೈಟ್ರೋಜನ್’ ಎಂಬ ಮಾತು ಇದೆಯೇ ಎಂದು ನೋಡದೆ ಅಂಕಿ ಓದುವ ಪೊರಪಾಟು ಬಹಳ ಮನೆಗಳಲ್ಲಿ ಆಗುತ್ತದೆ. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ನೈಟ್ರೇಟಿನ ಪ್ರಮಾಣ ಏರುತ್ತದೆ.

ಇದು ಬಾವಿಗೆ ಬಂದದ್ದು ಹೇಗೆ? ಮಣ್ಣಿನ ಹ್ಯೂಮಸ್ (ಎಲೆ, ಬೇರು, ಸಗಣಿ ಕೊಳೆತು ಉಳಿದ ಕಪ್ಪು ಸಾರ) ಕೂಡ ಒಂದು ಬಗೆಯಲ್ಲಿ ವಿದ್ಯುದಂಶ ಹೊತ್ತ ಪಾಲಿಮರೇ. ಅದರ ಮೈಮೇಲೆ ಇರುವುದು ಹೆಚ್ಚಾಗಿ ಋಣ ಗುಂಪುಗಳು. ಆದ್ದರಿಂದ ಧನ ವಿದ್ಯುದಂಶದ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಅಮೋನಿಯಂಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟ್ ತಾನೇ ಋಣ. ಅದಕ್ಕೆ ಅಲ್ಲಿ ಜಾಗವಿಲ್ಲ. ಹಸು ಉಚ್ಚೆ ಹೊಯ್ದ ಒಂದೊಂದು ಜಾಗದಲ್ಲೂ ಹುಲ್ಲು ಹೀರಿಕೊಳ್ಳಲಾರದಷ್ಟು ಸಾರಜನಕ ಬೀಳುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಚಳಿಗಾಲದ ಮಳೆ ಅದನ್ನು ತೊಳೆದು ಕೆಳಗಿಳಿಸುತ್ತದೆ. ಕ್ಯಾಂಟರ್‌ಬರಿ ಬಯಲಿನ ಜಲ್ಲಿಮಣ್ಣಿನಲ್ಲಿ ಈ ಇಳಿತ ಸಲೀಸು.

ಇನ್ನು ಅಪಾಯ ಯಾರಿಗೆ ಎಂಬ ಮಾತು. ಹೆಚ್ಚು ಎಚ್ಚರ ಬೇಕಾದದ್ದು ಬಾಟಲಿ ಹಾಲಿನ ಹಸುಗೂಸಿಗೆ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ಎಳೆಯ ಮಗುವಿನ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಆದ್ದರಿಂದ ಮಿತಿ ದಾಟಿದ ನೀರಿನಲ್ಲಿ ಫಾರ್ಮುಲಾ ಹಾಲು ಕಲಸಬಾರದು. ಗರ್ಭಿಣಿಯರೂ ಆ ನೀರನ್ನು ಬಿಡಬೇಕು. ನಿಮ್ಮ ಮನೆಯಲ್ಲಿ ಇವತ್ತಿನಿಂದಲೇ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ಸ್ನಾನಕ್ಕೆ, ಪಾತ್ರೆಗೆ ಬಾವಿ ನೀರು ಆಗಬಹುದು. ನಿಮ್ಮ ಮಿಡ್‌ವೈಫ್‌ಗೆ ವರದಿಯನ್ನು ತೋರಿಸಿ. ಇಷ್ಟು ದಿನ ಕುಡಿದದ್ದನ್ನು ನೆನೆದು ಕೊರಗುವುದಕ್ಕಿಂತ ಅವರೊಡನೆ ಬಿಚ್ಚಿ ಮಾತನಾಡುವುದು ಮೇಲು.

ಶಾಶ್ವತ ವ್ಯವಸ್ಥೆಗೆ ಎರಡು ದಾರಿ ಇವೆ. ಒಂದು, ಅಡುಗೆಮನೆ ನಲ್ಲಿಗೆ ಆರ್.ಓ. ಘಟಕ. ಇನ್ನೊಂದು, ಧನ ಗುಂಪುಗಳನ್ನು ಹೊತ್ತ ರೆಸಿನ್. ಸಾಮಾನ್ಯ ಸಾಫ್ಟನರ್ ಋಣ ಗುಂಪಿನದಾದ್ದರಿಂದ ನೈಟ್ರೇಟಿಗೆ ಕೆಲಸಕ್ಕೆ ಬಾರದು. ಜಗ್ಗಿನಂಥ ಇದ್ದಿಲು ಫಿಲ್ಟರನ್ನೂ ನಂಬಬೇಡಿ.

ಧನ ರೆಸಿನ್ನಿನಲ್ಲೂ ಒಂದು ಸೂಕ್ಷ್ಮ ಇದೆ. ಸಾಮಾನ್ಯ ಬಗೆಯದು ನೈಟ್ರೇಟಿಗಿಂತ ಸಲ್ಫೇಟನ್ನು ಹೆಚ್ಚು ಬಯಸುತ್ತದೆ. ರೆಸಿನ್ ತುಂಬಿದ ಮೇಲೂ ಉಪ್ಪು ನೀರಿನಿಂದ ತೊಳೆಯದೆ ಬಿಟ್ಟರೆ, ಬರುವ ಸಲ್ಫೇಟ್ ಹಿಡಿದಿಟ್ಟ ನೈಟ್ರೇಟನ್ನು ತಳ್ಳಿಬಿಡುತ್ತದೆ. ಆಗ ಬಾವಿಯಲ್ಲಿದ್ದುದಕ್ಕಿಂತ ಹೆಚ್ಚಿನ ನೈಟ್ರೇಟ್ ಲೋಟಕ್ಕೆ ಬರಬಹುದು. ಇದಕ್ಕೆಂದೇ ನೈಟ್ರೇಟನ್ನು ಆರಿಸಿ ಹಿಡಿಯುವ ರೆಸಿನ್ ಇದೆ. ಅದರ ಧನ ಗುಂಪುಗಳ ಸುತ್ತ ದಪ್ಪನೆಯ, ನೀರನ್ನು ಒಲ್ಲದ ಕವಚವಿರುತ್ತದೆ. ಸಲ್ಫೇಟ್ ತನ್ನ ಸುತ್ತ ನೀರನ್ನು ಬಿಗಿಯಾಗಿ ಕಟ್ಟಿಕೊಂಡೇ ಓಡಾಡುವಂಥದ್ದು, ಅದಕ್ಕೆ ಅಲ್ಲಿ ಒಗ್ಗುವುದಿಲ್ಲ. ನೈಟ್ರೇಟಿಗೆ ನೀರಿನ ಮೋಹ ಕಡಿಮೆ, ಅದು ನೆಲೆ ನಿಲ್ಲುತ್ತದೆ. ಕೊಳ್ಳುವಾಗ ಈ ಬಗೆಯದನ್ನೇ ಕೇಳಿ. ಹಿಡಿದ ನೈಟ್ರೇಟಿಗೆ ಬದಲು ಇದು ಕೊಡುವುದು ಕ್ಲೋರೈಡ್, ಉಪ್ಪಿನಲ್ಲೇ ಇರುವ ಅಂಶ.

ಮನೆಯ ಸ್ವಂತ ಬಾವಿಯ ಹೊಣೆ ಮನೆಯವರದೇ. ನೈಟ್ರೇಟ್ ಋತುವಿನೊಂದಿಗೆ ಏರಿಳಿಯುತ್ತದೆ. ವರ್ಷಕ್ಕೆ ಒಂದೇ ಪರೀಕ್ಷೆಗೆ ನಿಲ್ಲಿಸದೆ, ಚಳಿಗಾಲದ ಮಳೆ ಕಳೆದ ಮೇಲೂ ಒಮ್ಮೆ ಮಾಡಿಸಿ. ಘಟಕ ಹಾಕಿಸಿದ ಮೇಲೆ ಅದರಿಂದ ಹೊರಬರುವ ನೀರನ್ನೂ ಪರೀಕ್ಷೆಗೆ ಕಳಿಸಿ.

ಪ್ರಶ್ನೆ: ರಾತ್ರಿ ಪಾಪುವಿನ ನ್ಯಾಪಿ ಒಡೆದು ಒಳಗಿನ ಅಂಟಂಟು ಕಾಳು ಮೈಗೆಲ್ಲ ಮೆತ್ತಿಕೊಂಡಿತ್ತು. ಬಾಯಿಗೂ ಒಂದೆರಡು ಹೋಗಿರಬೇಕು. ದೊಡ್ಡವನಿಗೆ ಯಾರೋ ನೀರಿನಲ್ಲಿ ಊದುವ ಬಣ್ಣದ ಮಣಿಗಳನ್ನು ಉಡುಗೊರೆ ಕೊಟ್ಟಿದ್ದಾರೆ. ಅದೂ ಇದೇ ವಸ್ತುವೇ? ಹೊಟ್ಟೆಯಲ್ಲಿ ಊದಿದರೆ ಗತಿ ಏನು? ನಿದ್ದೆ ಬರುತ್ತಿಲ್ಲ.
— ತಾಯಿಯೊಬ್ಬರು, ಹ್ಯಾಮಿಲ್ಟನ್

ಉತ್ತರ: ನಿಮ್ಮ ನಿದ್ದೆಗೆಟ್ಟ ರಾತ್ರಿ ನನಗೆ ಅರ್ಥವಾಗುತ್ತದೆ. ನ್ಯಾಪಿಯ ವಿಷಯದಲ್ಲಿ ಹೆಚ್ಚು ಹೆದರಬೇಕಿಲ್ಲ. ಬಣ್ಣದ ಮಣಿಗಳ ವಿಷಯದಲ್ಲಿ ಮಾತ್ರ ನಿಮ್ಮ ಹೆದರಿಕೆ ಸರಿಯಾಗಿದೆ.

ನ್ಯಾಪಿಯ ಕಾಳು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರ್. ಒಣಗಿದ್ದಾಗ ಪುಡಿ. ನೀರು ತಾಕಿದೊಡನೆ ಎಳೆಗಳಿಂದ ಸೋಡಿಯಂ ಬಿಡಿಸಿಕೊಳ್ಳುತ್ತದೆ. ಎಳೆಗಳ ಮೈಮೇಲೆ ಋಣ ವಿದ್ಯುದಂಶ ಉಳಿಯುತ್ತದೆ, ಅವು ಒಂದನ್ನೊಂದು ದೂರ ತಳ್ಳುತ್ತವೆ. ಇತ್ತ ಸೋಡಿಯಂ ನೀರಿನಲ್ಲಿ ತೇಲಿದರೂ ಎಳೆಗಳನ್ನು ಬಿಟ್ಟು ದೂರ ಹೋಗಲಾರದು, ಎರಡರ ವಿದ್ಯುದಂಶ ಒಂದನ್ನೊಂದು ಬಿಡಗೊಡುವುದಿಲ್ಲ. ಹೀಗೆ ಒಳಗೆ ಅಯಾನುಗಳ ದಟ್ಟಣೆ, ಹೊರಗೆ ಕಡಿಮೆ. ಆ ಏರುಪೇರನ್ನು ಸರಿಮಾಡಲು ನೀರು ಒಳನುಗ್ಗುತ್ತದೆ (ಇದಕ್ಕೆ ಪರಾಸರಣ ಎನ್ನುತ್ತಾರೆ). ಶುದ್ಧ ನೀರಾದರೆ ತನ್ನ ತೂಕದ ಕೆಲವು ನೂರು ಪಟ್ಟು ಹೀರಬಲ್ಲದು. ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕಿರುವುದರಿಂದ ಕರಗಿಹೋಗದೆ ಜೆಲ್ ಆಗಿ ನಿಲ್ಲುತ್ತದೆ.

ಹೊರಗಿನ ನೀರಿನಲ್ಲೇ ಉಪ್ಪಿದ್ದರೆ ಈ ಏರುಪೇರು ಕಡಿಮೆ. ನಮ್ಮ ರಕ್ತದಷ್ಟು ಉಪ್ಪಿರುವ ನೀರಿನಲ್ಲಿ ಅದು 30ರಿಂದ 50 ಪಟ್ಟು ಮಾತ್ರ ಹೀರುತ್ತದೆ. ಹೊಸ ನ್ಯಾಪಿಯೊಂದನ್ನು ಕತ್ತರಿಸಿ, ಚಿಟಿಕೆ ಪುಡಿಯನ್ನು ಲೋಟದ ನೀರಿಗೆ ಹಾಕಿ ನೋಡಿ. ಅರೆನಿಮಿಷದಲ್ಲಿ ನೀರು ಗಟ್ಟಿಯಾಗುತ್ತದೆ, ಲೋಟ ಬೋರಲು ಹಾಕಿದರೂ ಬೀಳುವುದಿಲ್ಲ. ಮೇಲೆ ಒಂದು ಚಮಚ ಅಡುಗೆ ಉಪ್ಪು ಉದುರಿಸಿ ಕಲಕಿ. ಜೆಲ್ ಕುಸಿದು, ಹಿಡಿದಿದ್ದ ನೀರನ್ನು ಬಿಟ್ಟುಕೊಟ್ಟು ತೆಳ್ಳಗಾಗುತ್ತದೆ. ಪುಡಿ ಕಣ್ಣು, ಮೂಗಿಗೆ ಹಾರದಂತೆ ಇದನ್ನು ದೊಡ್ಡವರೇ ಮಾಡಬೇಕು.

ಮುಂದೆ ಮತ್ತೆ ಹೀಗಾದರೆ ಮಗುವಿನ ಬಾಯಿಯಿಂದ ಕಾಣುವ ಜೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಮೈಯನ್ನು ಬೆಚ್ಚನೆ ನೀರಿನಲ್ಲಿ ತೊಳೆಯಿರಿ. ಇದು ಚರ್ಮದ ಒಳಗೆ ಇಳಿಯುವಂಥದ್ದಲ್ಲ. ಒಂದೆರಡು ಕಾಳು ನುಂಗಿದ್ದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಕೆಮ್ಮು, ವಾಂತಿ ಕಂಡರೆ ಅಥವಾ ಮನಸ್ಸು ಒಪ್ಪದಿದ್ದರೆ ಡುನೆಡಿನ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಕರೆ ಮಾಡಿ: 0800 764 766. ಕೇಳಿದ್ದಕ್ಕೆ ಅಲ್ಲಿ ಯಾರೂ ಬೇಸರಪಡುವುದಿಲ್ಲ. ಜೆಲ್ಲನ್ನು ಸಿಂಕಿಗೆ ಹಾಕಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಕಸದ ಡಬ್ಬಿಗೆ ಹಾಕಿ.

ಬಣ್ಣದ ಮಣಿಗಳು ಇದೇ ಮನೆತನದವು. ಆದರೆ ಒಂದೊಂದು ಮಣಿಯೂ ಇಡಿಯಾಗಿ ಗೋಲಿಯಷ್ಟು, ಕೆಲವು ಇನ್ನೂ ದೊಡ್ಡದಾಗಿ ಊದುತ್ತವೆ. ನುಂಗಿದ ಮಕ್ಕಳಲ್ಲಿ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಬೇಕಾದ, ಜೀವಕ್ಕೇ ಕುತ್ತಾದ ಪ್ರಕರಣಗಳು ನಡೆದಿವೆ. ಹೊಟ್ಟೆಯ ಉಪ್ಪು ಊದುವುದನ್ನು ತಡೆಯುತ್ತದೆ ಎಂದು ನಂಬಿ ಕೂರಬೇಡಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಇವು ಕಾಣದೆ ಹೋಗಬಹುದು, ಆದ್ದರಿಂದ ಮಣಿ ನುಂಗಿರಬಹುದೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಮಗು ಊಟ ಬಿಟ್ಟರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ, ಹೊಟ್ಟೆ ಉಬ್ಬರಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ 111ಕ್ಕೆ ಕರೆ ಮಾಡಿ. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಆದರೂ ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಅವು ಬೇಡ. ಇವತ್ತೇ ಹೊರಗೆ ಹಾಕಿ, ಸೋಫಾ ಕೆಳಗೂ ಒಮ್ಮೆ ಗುಡಿಸಿ.

ಪ್ರಶ್ನೆ: ಅಮ್ಮ ಶಿವಮೊಗ್ಗದಿಂದ ಬಂದು ನಮ್ಮ ಜೊತೆ ಇದ್ದಾರೆ. ಕಿಡ್ನಿ ಶಕ್ತಿ ಕುಂದಿದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂದು ಡಾಕ್ಟರು ರೆಸೋನಿಯಂ ಎಂಬ ಪುಡಿ ಕೊಟ್ಟಿದ್ದಾರೆ. ಡಬ್ಬಿಯ ಮೇಲೆ ಪಾಲಿಸ್ಟೈರೀನ್ ಎಂದಿದೆ. ಥರ್ಮೋಕೋಲ್ ತಿನ್ನಿಸಿದಂತಲ್ಲವೇ? ರುಚಿ ಹಿಡಿಸದೆ ಅಮ್ಮ ಅದನ್ನು ಕಿತ್ತಳೆ ರಸದಲ್ಲಿ ಕಲಸಿ ಕುಡಿಯುತ್ತಾರೆ.
— ಮಗನೊಬ್ಬ, ಆಕ್ಲೆಂಡ್

ಉತ್ತರ: ಅಮ್ಮನ ಹೊಟ್ಟೆಗೆ ಪ್ಲಾಸ್ಟಿಕ್ ಹೋಗುತ್ತಿದೆಯಲ್ಲ ಎಂಬುದು ನಿಮ್ಮ ಸಂಕಟ. ಮಗನಿಗೆ ಹಾಗನ್ನಿಸುವುದು ಸಹಜ. ಧೈರ್ಯವಾಗಿರಿ, ಇದು 1950ರ ದಶಕದಿಂದ ಬಳಕೆಯಲ್ಲಿರುವ ಔಷಧ. ಎಳೆ ಥರ್ಮೋಕೋಲಿನದೇ ಹೌದು. ಆದರೆ ಅದಕ್ಕೆ ಸಲ್ಫೋನೇಟ್ ಗುಂಪು ಸೇರಿದ ಮೇಲೆ ಗುಣ ಪೂರ್ತಿ ಬದಲಾಗುತ್ತದೆ. ಮೇಲೆ ವಾಂಗನುಯಿಯ ಓದುಗರ ಸಾಫ್ಟನರಿನಲ್ಲಿ ಕಂಡದ್ದೂ ಇದೇ ಪಾಲಿಮರ್.

ಇದು ಜೀರ್ಣವಾಗುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ. ಕರುಳಿನಲ್ಲಿ ಸಾಗುತ್ತಾ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ತನ್ನ ಸೋಡಿಯಂ ಬಿಟ್ಟು ಪೊಟ್ಯಾಸಿಯಂ ಹಿಡಿದುಕೊಂಡು ಮಲದೊಡನೆ ಹೊರಬೀಳುತ್ತದೆ. ಕೆಲಸ ನಿಧಾನ, ಗಂಟೆಗಳೇ ಹಿಡಿಯುತ್ತವೆ, ಕೆಲವೊಮ್ಮೆ ದಿನಗಳು. ಆದ್ದರಿಂದ ಅಮ್ಮನಿಗೆ ಏಕಾಏಕಿ ತೀರಾ ನಿಶ್ಶಕ್ತಿ, ಎದೆಬಡಿತದಲ್ಲಿ ಏರುಪೇರು ಕಂಡರೆ ಪುಡಿ ಕೊಟ್ಟು ಕಾಯಬೇಡಿ, 111ಕ್ಕೆ ಕರೆ ಮಾಡಿ.

ಈಗ ಕಿತ್ತಳೆ ರಸದ ಮಾತು. ಕಿತ್ತಳೆಯಲ್ಲಿ ಪೊಟ್ಯಾಸಿಯಂ ಹೇರಳ. ಅದರಲ್ಲಿ ಕಲಸಿದರೆ ಪುಡಿ ಲೋಟದಲ್ಲೇ ಪೊಟ್ಯಾಸಿಯಂ ತುಂಬಿಕೊಳ್ಳುತ್ತದೆ, ಕರುಳಿನಲ್ಲಿ ಹಿಡಿಯಲು ಜಾಗ ಉಳಿಯುವುದಿಲ್ಲ. ಎಳನೀರೂ ಹಾಗೆಯೇ. ನಮ್ಮವರು ಆರೋಗ್ಯಕ್ಕೆ ಒಳ್ಳೆಯದೆಂದು ಪ್ರೀತಿಯಿಂದ ಕೊಡುವ ಎಳನೀರು ಅಮ್ಮನ ಸ್ಥಿತಿಯಲ್ಲಿ ತೊಂದರೆ. ಪುಡಿಯನ್ನು ಬರೀ ನೀರಿನಲ್ಲಿ, ಡಾಕ್ಟರು ಹೇಳಿದ ಅಳತೆಯಲ್ಲಿ ಕಲಸಿ ಕೊಡಿ. ‘ಲೋ ಸೋಡಿಯಂ’ ಎಂದು ಅಂಗಡಿಯಲ್ಲಿ ಸಿಗುವ ಉಪ್ಪನ್ನೂ ಅಡುಗೆಗೆ ಹಾಕಬೇಡಿ, ಅದರಲ್ಲಿ ಸೋಡಿಯಂಗೆ ಬದಲಾಗಿ ಇರುವುದು ಪೊಟ್ಯಾಸಿಯಂ.

ಇದರ ಬೆಲೆಯನ್ನೂ ನೀವು ತಿಳಿದಿರಬೇಕು. ಸೋಡಿಯಂ ಬಗೆಯ ಪುಡಿಯ ಒಂದು ಗ್ರಾಂನಲ್ಲಿ ಸುಮಾರು 100 ಮಿಲಿಗ್ರಾಂ ಸೋಡಿಯಂ ಇದೆ. 15 ಗ್ರಾಂಗೆ 1500 ಮಿಲಿಗ್ರಾಂ. ಅದೆಲ್ಲವೂ ಬಿಡುಗಡೆಯಾಗದಿದ್ದರೂ, ಬಿ.ಪಿ., ಹೃದಯದ ತೊಂದರೆ ಇರುವವರಿಗೆ ಕಡೆಗಣಿಸುವ ಮೊತ್ತವಲ್ಲ. ಸಾಫ್ಟನರ್ ನೀರಿನ ಸೋಡಿಯಂ ಸಣ್ಣದು ಎಂದೆ, ಇದು ಸಣ್ಣದಲ್ಲ. ಕಾಲು ಊದಿದರೆ, ಉಸಿರು ಏರಿದರೆ, ತೂಕ ದಿಢೀರನೆ ಹೆಚ್ಚಿದರೆ ಡಾಕ್ಟರಿಗೆ ತಿಳಿಸಿ. ಸೋಡಿಯಂಗೆ ಬದಲು ಕ್ಯಾಲ್ಸಿಯಂ ಬಿಟ್ಟುಕೊಡುವ ಬಗೆಯೂ ಇದೆ. ಯಾವುದು ಸರಿ ಎಂದು ಅವರೇ ನಿರ್ಧರಿಸಲಿ.

ಇನ್ನೆರಡು ಎಚ್ಚರಿಕೆ. ಈ ಪುಡಿ ಬೇರೆ ಔಷಧಗಳನ್ನೂ ಹಿಡಿದುಕೊಳ್ಳಬಲ್ಲದು. ಬೇರೆ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಮೂರು ಗಂಟೆ ಅಂತರವಿರಲಿ. ಮಲಬದ್ಧತೆಯಾದರೆ, ಹೊಟ್ಟೆನೋವು ಬಂದರೆ, ಮಲದಲ್ಲಿ ರಕ್ತ ಕಂಡರೆ ಪುಡಿ ನಿಲ್ಲಿಸಿ ಕೂಡಲೇ ಡಾಕ್ಟರಿಗೆ ಕರೆ ಮಾಡಿ. ನಾಚಿಕೆಯಿಂದ ಅಮ್ಮ ಇದನ್ನೆಲ್ಲ ತಾವಾಗಿ ಹೇಳಲಿಕ್ಕಿಲ್ಲ. ದಿನಾ ನೀವೇ ಮೆಲ್ಲಗೆ ಕೇಳಿ.

ಪ್ರಶ್ನೆ: ನಾನು ಲೋಯರ್ ಹಟ್‌ನಲ್ಲಿ ಹದಿಮೂರನೇ ತರಗತಿ. ಟೌಪೊ ಹತ್ತಿರದ ಮೊಕಾಯ್‌ನಲ್ಲಿ ಭೂಶಾಖದ ವಿದ್ಯುತ್ತಿನಿಂದ ಹೈಡ್ರೋಜನ್ ತಯಾರಿಸುವ ಘಟಕದ ಬಗ್ಗೆ ಕ್ಲಾಸಿನಲ್ಲಿ ಹೇಳಿದರು. ಹೈಡ್ರೋಜನ್ನಿನಿಂದ ವಿದ್ಯುತ್ ಪಡೆಯುವ ಫ್ಯುಯೆಲ್ ಸೆಲ್ ಒಳಗಿನ ಪ್ಲಾಸ್ಟಿಕ್ ಹಾಳೆ ಅಯಾನುಗಳನ್ನು ಸಾಗಿಸುತ್ತದಂತೆ. ಪ್ಲಾಸ್ಟಿಕ್ ಹೇಗೆ ಸಾಗಿಸುತ್ತದೆ? ಅದು ಎಂದೂ ಕೊಳೆಯದ ರಾಸಾಯನಿಕ ಎಂದೂ ಹೇಳುತ್ತಾರೆ. ಇಂಥದ್ದನ್ನು ಓದಲು ಹೋಗುವುದು ಸರಿಯೇ ಎಂಬ ಅಳುಕು.
— ವಿದ್ಯಾರ್ಥಿನಿ, ಲೋಯರ್ ಹಟ್

ಉತ್ತರ: ನಿಮ್ಮ ಅಳುಕು ಒಳ್ಳೆಯ ಅಳುಕು. ಅದನ್ನು ಇಟ್ಟುಕೊಂಡೇ ಓದಲು ಹೋಗಿ.

ಆ ಹಾಳೆಗೆ ಪೊರೆ ಎನ್ನೋಣ. ಅದರ ಎಳೆಗಳಿಗೂ ಸಲ್ಫೋನಿಕ್ ಆಮ್ಲದ ಗುಂಪುಗಳಿವೆ. ಎಳೆಯ ಬೆನ್ನೆಲುಬು ನೀರನ್ನು ದೂರ ಇಡುತ್ತದೆ, ಆಮ್ಲದ ಗುಂಪು ಹತ್ತಿರ ಕರೆಯುತ್ತದೆ. ಹಾಗಾಗಿ ನೀರು ಪೊರೆಯೊಳಗೆ ಎಲ್ಲೆಡೆ ಹರಡದೆ, ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಅಗಲದ ಹಾದಿಗಳಲ್ಲಿ ಕೂಡಿಕೊಳ್ಳುತ್ತದೆ. ಪ್ರೋಟಾನು (ಎಲೆಕ್ಟ್ರಾನು ಕಳೆದುಕೊಂಡ ಹೈಡ್ರೋಜನ್) ಓಡುವುದು ಈ ಹಾದಿಯಲ್ಲಿ. ಅದು ಒಂದು ನೀರಿನ ಅಣುವಿನಿಂದ ಪಕ್ಕದ ಅಣುವಿಗೆ ದಾಟುತ್ತದೆ, ಆ ಅಣು ತನ್ನಲ್ಲಿದ್ದ ಇನ್ನೊಂದು ಪ್ರೋಟಾನನ್ನು ಮುಂದಕ್ಕೆ ದಾಟಿಸುತ್ತದೆ. ಇಂಥ ಸಾಗಾಟದ ಕಲ್ಪನೆಯನ್ನು ಗ್ರೋಟಸ್ ಎಂಬ ವಿಜ್ಞಾನಿ 1806ರಲ್ಲೇ ಮುಂದಿಟ್ಟಿದ್ದ.

ಆದ್ದರಿಂದ ಪೊರೆ ಒಣಗಿದರೆ ಸಾಗಾಟ ಕುಸಿಯುತ್ತದೆ. ಚೆನ್ನಾಗಿ ನೆಂದ ಪೊರೆಯಲ್ಲಿ ಒಂದೊಂದು ಆಮ್ಲದ ಗುಂಪಿಗೆ ಸುಮಾರು 20 ನೀರಿನ ಅಣುಗಳಿರುತ್ತವೆ. ಅದು ಎರಡು ಮೂರಕ್ಕೆ ಇಳಿದರೆ ಪ್ರೋಟಾನು ಆಮ್ಲದ ಗುಂಪನ್ನು ಬಿಟ್ಟು ಕದಲುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ಪ್ಲಾಸ್ಟಿಕ್ ದಾರಿ ಕಟ್ಟಿಕೊಡುತ್ತದೆ, ಸಾಗಿಸುವುದು ನೀರು.

ಎರಡನೆಯ ಪ್ರಶ್ನೆಗೆ ಸ್ವಲ್ಪ ಚರಿತ್ರೆ ಬೇಕು. 1955ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಥಾಮಸ್ ಗ್ರಬ್ ಸಲ್ಫೋನೇಟ್ ಸೇರಿಸಿದ ಪಾಲಿಸ್ಟೈರೀನನ್ನೇ ಪೊರೆಯಾಗಿ ಬಳಸಿ ಫ್ಯುಯೆಲ್ ಸೆಲ್ ಮಾಡಿದರು. ಸಾಫ್ಟನರಿನ, ರೆಸೋನಿಯಂ ಪುಡಿಯ ಅದೇ ಪಾಲಿಮರ್! 1965ರಲ್ಲಿ ಜೆಮಿನಿ 5 ನೌಕೆಯಲ್ಲಿ ಇಂಥ ಪೊರೆ ಬಾಹ್ಯಾಕಾಶಕ್ಕೂ ಹೋಯಿತು. ಆದರೆ ಫ್ಯುಯೆಲ್ ಸೆಲ್ಲಿನ ಒಳಗಿನ ಬಿರುಸಾದ ರಸಾಯನಕ್ರಿಯೆಗೆ ಆ ಎಳೆಗಳು ತಾಳಲಿಲ್ಲ. ಆ ದಶಕದ ಕೊನೆಗೆ ಡುಪಾಂಟ್ ಕಂಪನಿಯ ವಾಲ್ಥರ್ ಗ್ರೋಟ್ ಫ್ಲೋರಿನ್ ತುಂಬಿದ ಎಳೆಯ ನಾಫಿಯಾನ್ ಪೊರೆಯನ್ನು ತಯಾರಿಸಿದರು. ಅದು ತಾಳಿತು. ಯಾವ ಗಟ್ಟಿತನದಿಂದ ಅದು ತಾಳಿತೋ ಅದೇ ಗಟ್ಟಿತನದಿಂದ ಪರಿಸರದಲ್ಲಿ ಕರಗದೆಯೂ ಉಳಿಯುತ್ತದೆ. ತಯಾರಿಕೆಯಲ್ಲಿ ಬಳಸುವ, ಹಾಳಾದಾಗ ಬಿಡುವ ಫ್ಲೋರಿನ್ ಸೇರಿದ ಚಿಕ್ಕ ಅಣುಗಳ ಬಗ್ಗೆ ಆತಂಕ ಇನ್ನೂ ಹೆಚ್ಚು. 2023ರಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದೇಶಗಳು ಈ ವರ್ಗದ ರಾಸಾಯನಿಕಗಳಿಗೆಲ್ಲ ಕಡಿವಾಣ ಹಾಕುವ ಪ್ರಸ್ತಾವ ಮುಂದಿಟ್ಟವು.

ಅಂದರೆ ಕೆಲಸ ಇನ್ನೂ ಬಾಕಿ ಇದೆ. ಫ್ಲೋರಿನ್ ಇಲ್ಲದ, ಆದರೂ ಬಾಳಿಕೆ ಬರುವ ಪೊರೆಗಾಗಿ, ಪ್ರೋಟಾನಿನ ಬದಲು ಋಣ ಅಯಾನನ್ನು ಸಾಗಿಸುವ ಪೊರೆಗಾಗಿ ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ. ನಿಮ್ಮಂಥವರು ಬೇಕಾಗಿರುವುದು ಅಲ್ಲಿಗೇ.

ನಿಮ್ಮ ಊರಿನ ಶಾಲೆಯಲ್ಲಿ ಓದಿದ ಒಬ್ಬರನ್ನು ನೆನಪಿಸುತ್ತೇನೆ. ಅಲನ್ ಮೆಕ್‌ಡಾರ್ಮಿಡ್ 1927ರಲ್ಲಿ ಮಾಸ್ಟರ್‌ಟನ್‌ನಲ್ಲಿ ಹುಟ್ಟಿದವರು. ಮನೆಯ ಕಷ್ಟಕ್ಕೆ ಹದಿನಾರನೇ ವಯಸ್ಸಿನಲ್ಲಿ ಹಟ್ ವ್ಯಾಲಿ ಹೈಸ್ಕೂಲ್ ಬಿಟ್ಟು, ವೆಲಿಂಗ್ಟನ್ನಿನ ವಿಕ್ಟೋರಿಯಾ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಗುಡಿಸುವ, ಲ್ಯಾಬಿನ ಸಣ್ಣಪುಟ್ಟ ಕೆಲಸಕ್ಕೆ ಸೇರಿದರು. ಕೆಲಸದ ಜೊತೆಗೇ ಓದಿದರು. ವಿದ್ಯುತ್ ಹರಿಯುವ ಪಾಲಿಮರ್‌ಗಳ ಸಂಶೋಧನೆಗೆ 2000ದಲ್ಲಿ ಹೀಗರ್, ಶಿರಾಕಾವ ಅವರೊಡನೆ ನೊಬೆಲ್ ಪಡೆದರು. ಅವರ ಹೆಸರಿನ ಸಂಸ್ಥೆ 2002ರಿಂದ ಅದೇ ವಿಕ್ಟೋರಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ, ನಿಮ್ಮ ಮನೆಯಿಂದ ರೈಲಿನಲ್ಲಿ ಹೋಗುವಷ್ಟು ಹತ್ತಿರ. ಒಮ್ಮೆ ಹೋಗಿ, ಅಲ್ಲಿರುವವರನ್ನು ಈ ಪ್ರಶ್ನೆಯನ್ನೇ ಕೇಳಿ.

ಕೊನೆಯದಾಗಿ ಎಲ್ಲ ಓದುಗರಿಗೂ ಒಂದು ಮಾತು. ಫಿಲ್ಟರ್ ಕೊಳ್ಳುವಾಗ, ಔಷಧದ ಡಬ್ಬಿ ತೆರೆಯುವಾಗ, ಹೊಸ ತಂತ್ರಜ್ಞಾನದ ಬಗ್ಗೆ ಕೇಳುವಾಗ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿ: ಇದು ಏನನ್ನು ಹಿಡಿಯುತ್ತದೆ? ಅದಕ್ಕೆ ಬದಲಾಗಿ ಏನನ್ನು ಬಿಟ್ಟುಕೊಡುತ್ತದೆ? ಮಾರುವವರು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ಎರಡನೆಯದಕ್ಕೂ ಉತ್ತರ ಸಿಗುವವರೆಗೆ ಹಣ ಕೊಡಬೇಡಿ.